ಗುಂಡನ ನೊಣಗಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಪಿಎಚ್.ಡಿ.ಗಾಗಿ ಬಾಟಲಿಗಳಲ್ಲಿ ಹಣ್ಣಿನ ನೊಣ ಸಾಕುವುದು ಅವಳ ಕೆಲಸ. "ಕೆಲಸ ಇಲ್ಲದವರು ನೊಣ ಹೊಡೀತಾರೆ, ನನ್ನ ಮಗಳು ನೊಣ ಸಾಕ್ತಾಳೆ" ಎಂದು ಅಮ್ಮ ಕಂಡಕಂಡವರ ಮುಂದೆ ನಗುತ್ತಿದ್ದಳು. ನಗಲಿ ಬಿಡಿ, ಆ ನೊಣಕ್ಕೇ ತಿಂಗಳು ತಿಂಗಳು ವಿದ್ಯಾರ್ಥಿವೇತನ ಬರುತ್ತಿತ್ತಲ್ಲ!

ಈಗ ಅದಕ್ಕೂ ಕಲ್ಲು ಬಿತ್ತು. ಮಾರುಕಟ್ಟೆ ಮಕಾಡೆ ಮಲಗಿದ್ದೇ ತಡ, ವೇತನ ಕೊಡುತ್ತಿದ್ದ ಕಂಪನಿ ಕೈ ಎತ್ತಿತು. ಇಬ್ಬರಿಗೆ ಬರುತ್ತಿದ್ದುದು ಇನ್ನು ಒಬ್ಬರಿಗೆ ಮಾತ್ರ. ಅಕ್ಕನಿಗೋ, ಅವಳಿಗಿಂತ ಕಿರಿಯ ಸಂಶೋಧಕ ಗುಂಡನಿಗೋ, ಸಭೆ ಮುಗಿಸಿ ಬಂದು ಹೇಳುತ್ತೇನೆಂದು ಗೈಡ್ ಮೇಷ್ಟ್ರು ಹೋಗಿದ್ದರು.

ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ತೊಳೆದ ಗಾಜನ್ನೇ ಮತ್ತೆ ತೊಳೆದಳು. ಕಿಟಕಿ ತೆರೆದಳು, ಮುಚ್ಚಿದಳು. ಕಪಾಟಿನ ಕೆಳಸಾಲಿನಲ್ಲಿ ಗುಂಡನ ಬಾಟಲಿಗಳಿದ್ದವು. ಅಪ್ಪನಿಗೆ ಹುಷಾರಿಲ್ಲವೆಂದು ಊರಿಗೆ ಓಡುವಾಗ, "ಅಕ್ಕಾ, ನನ್ನವನ್ನೂ ನೋಡ್ಕೋ" ಎಂದಷ್ಟೇ ಹೇಳಿದ್ದ. ತಳದ ಆಹಾರ ಒಣಗುವ ಮುಂಚೆ ನೊಣಗಳನ್ನು ಹೊಸ ಬಾಟಲಿಗೆ ದಾಟಿಸಬೇಕು. ತಪ್ಪಿದರೆ ತಳಿಯೇ ನಾಶ, ಮಾಡಿದ ಕೆಲಸವೆಲ್ಲ ಮಣ್ಣುಪಾಲು. ಇವತ್ತೇ ದಾಟಿಸಬೇಕಿತ್ತು.

ಸುಮ್ಮನಿದ್ದುಬಿಟ್ಟರೆ? ಮರೆತೆ ಎಂದರಾಯಿತು, ಯಾರು ಕೇಳುತ್ತಾರೆ? ಅಂಥ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಹಾಳಾಗಿ ಹೋಗಲಿ ಎಂದು ಗೊಣಗುತ್ತಲೇ ಹಳೆ ಬಾಟಲಿಯ ಬಾಯಿಗೆ ಹೊಸ ಬಾಟಲಿಯ ಬಾಯಿ ಹಚ್ಚಿ, ತಟ್ಟಿ ತಟ್ಟಿ, ಗುಂಡನ ನೊಣಗಳನ್ನೇ ಮೊದಲು ದಾಟಿಸಿದಳು.

ಮೇಷ್ಟ್ರು ನಗುನಗುತ್ತಾ ಬಂದರು. ಸಭೆಯಲ್ಲಿ ವಾದವೇ ಆಗಲಿಲ್ಲವಂತೆ. ಗುಂಡ ಊರಿನಲ್ಲಿದ್ದಾನೆ, ದಾಟಿಸುವವರಿಲ್ಲದೆ ಅವನ ತಳಿ ಇಷ್ಟೊತ್ತಿಗೆ ಸತ್ತಿರುತ್ತದೆ, ಜೀವಂತವಿರುವುದು ಅಕ್ಕನ ಕೆಲಸ ಒಂದೇ ಎಂದು ಹೇಳಿ ಬಂದಿದ್ದರು. ವೇತನ ಅವಳದೇ.

ಅವಳ ಎದೆ ಹಗುರಾಯಿತು. ಮರುಗಳಿಗೆಗೆ ಕಣ್ಣು ಕೆಳಸಾಲಿನ ಬಾಟಲಿಗಳ ಮೇಲೆ ಬಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಆದರೆ ಬಾಯಿ ಅವಳ ಮಾತು ಕೇಳಲಿಲ್ಲ.

"ಅವನವೂ ಬದುಕಿವೆ ಸರ್. ಈಗ ತಾನೇ ದಾಟಿಸಿದೆ."

ಮೇಷ್ಟ್ರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಫೋನು ಹಿಡಿದು ಕಾರಿಡಾರಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಮುಖ ನೋಡದೆ ಹೇಳಿದರು: "ನಿನ್ನದು ಮುಕ್ಕಾಲು ಮುಗಿದಿದೆ, ಹೊರಗೆ ಹೇಗೋ ಕೆಲಸ ಸಿಗುತ್ತೆ. ಅವನದು ಈಗಷ್ಟೇ ಶುರು, ವೇತನ ಅವನಿಗೇ ಇರಲಿ ಅಂತಾರಮ್ಮ ಕಂಪನಿಯವರು."

ಅವಳಿಗೆ ಸಿಟ್ಟು ಉಕ್ಕಿತು. ಮೇಷ್ಟ್ರ ಮೇಲೆ, ಕಂಪನಿಯ ಮೇಲೆ, ಎಲ್ಲಕ್ಕಿಂತ ತನ್ನ ನಾಲಿಗೆಯ ಮೇಲೆ. ಅಷ್ಟರಲ್ಲಿ ಗುಂಡನ ಫೋನು ಬಂತು. ಅಪ್ಪ ಎದ್ದು ಕೂತಿದ್ದಾರೆ ಎಂದ. ನೊಣಗಳು ಹೇಗಿವೆ ಎಂದು ಅಳುಕುತ್ತಾ ಕೇಳಿದ.

"ಚೆನ್ನಾಗಿವೆ ಕಣೋ" ಎಂದಳು. "ಬೇಗ ಬಾ. ಇನ್ಮೇಲೆ ನನ್ನವನ್ನೂ ನೀನೇ ನೋಡ್ಕೋಬೇಕು."