ಕೊಡಲಿಗುರುತಿಗೆ ಸಾಕ್ಷಿ

ಮಾರ್ಚ್ ತಿಂಗಳ ಎರಡನೆಯ ವಾರ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳು. ಮೇಪಲ್ ಮರಗಳಿಂದ ಸಿಹಿರಸ ಬಿಡುವಿಲ್ಲದೆ ತೊಟ್ಟಿಕ್ಕುತ್ತಿತ್ತು. ಅಂಗಳದಲ್ಲಿ ಮೂರು ಕಡಾಯಿ ಕುದಿಯುತ್ತಿದ್ದವು. ರಸ ಉಕ್ಕಿ ಬಂದಾಗ ಹಂದಿಕೊಬ್ಬಿನ ತುಂಡನ್ನು ದಾರದಲ್ಲಿ ಇಳಿಬಿಟ್ಟು ತಣಿಸುವುದು ನನ್ನ ಕೆಲಸ. ಅಂಥ ದಿನವೇ ನಮ್ಮವರು ಅಡುಗೆಮನೆಯಲ್ಲಿ ಕೋರ್ಟು ನಡೆಸಬೇಕಾಯಿತು. ಕೌಂಟಿಗೆ ಇನ್ನೂ ಕೋರ್ಟಿನ ಕಟ್ಟಡವಿರಲಿಲ್ಲ. ಜಡ್ಜಿಯೂ ಒಬ್ಬರೇ, ನಮ್ಮವರು, ಎಲ್ಕಾನಾ ಪ್ರೌಟಿ.

ನಾಲ್ಕು ವರ್ಷದ ಹಿಂದೆ ಇವರು ಬೆಟ್ಟ ದಾಟಿ ಶಾಸನಸಭೆಗೆ ಹೋಗಿ, ವಾದಮಾಡಿ, ಒಂದು ಕಾನೂನು ಮಾಡಿಸಿಕೊಂಡು ಬಂದಿದ್ದರು. ಸರ್ಕಾರದ ಅಳತೆಯವರು ಬರುವ ಮೊದಲೇ ಎಲ್ಲೆಯ ಮರಗಳಿಗೆ ಕೊಡಲಿಗುರುತು ಹಾಕಿದವನದೇ ಆ ನೆಲ. ಆದರೆ ಗುರುತು ಹಾಕಿದ್ದನ್ನು ಕಣ್ಣಾರೆ ಕಂಡವನು ಈ ಮಾರ್ಚ್ ಮುಗಿಯುವುದರೊಳಗೆ ಕೋರ್ಟಿನಲ್ಲಿ ಪ್ರಮಾಣ ಮಾಡಬೇಕು. ಇಲ್ಲವಾದರೆ ಆ ನೆಲ ಕಾಡನ್ನೆಲ್ಲ ಕೊಂಡಿದ್ದ ಭೂಮಿ ಕಂಪನಿಗೆ ಸೇರುತ್ತದೆ. ತೀರ್ಪು ಕೊಡುವವನು ತಾನೇ ಸಾಕ್ಷಿ ಹೇಳುವಂತಿಲ್ಲ. ಆ ಸಾಲನ್ನೂ ಇವರೇ ಬರೆದದ್ದು. ಆಚೆ ಕಣಿವೆಯ ಜಡ್ಜಿಯೊಬ್ಬ ತನ್ನ ಪರ ತಾನೇ ಸಾಕ್ಷಿ ಹೇಳಿಕೊಂಡು ಅರ್ಧ ಕಾಡು ನುಂಗಿದ್ದ.

ಪಕ್ಕದ ಜಮೀನಿನ ಹಲ್ಡಕ್ಕನ ಗಂಡ ಟೋಬಿಯಾಸ್, ಪ್ರಮಾಣ ಮಾಡಿಸಲು ಇನ್ನೂ ಕಾಲವಿದೆಯೆಂದುಕೊಂಡೇ ಹೋದ ಶರತ್ಕಾಲದಲ್ಲಿ ಜ್ವರ ಬಂದು ತೀರಿಕೊಂಡ. ಅವನು ಗುರುತು ಹಾಕಿದ ದಿನ ಜೊತೆಗಿದ್ದವರು ನಮ್ಮವರೊಬ್ಬರೇ.

"ಜಡ್ಜಿ ಕುರ್ಚಿ ಬಿಟ್ಟಿಳಿದು ನೀವೇ ಸಾಕ್ಷಿ ಹೇಳಿಬಿಡ್ರಿ" ಎಂದೆ ಬೆಳಿಗ್ಗೆ.

"ಇಳಿದ್ರೆ ತೀರ್ಪು ಯಾರು ಕೊಡ್ತಾರೆ? ಇನ್ನೊಬ್ಬ ಜಡ್ಜಿ ಬರೋದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಗಡುವು ಮುಗಿದಿರುತ್ತೆ."

"ಈ ಗಡುವು ಹಾಕಿದೋರು ಯಾರು?"

ಅವರು ಬೂಟಿನ ದಾರ ಕಟ್ಟಿ ಮುಗಿಸಿದರು. "ನಾನೇ, ಲೊವೀನಾ."

"ಹಾಗಾದ್ರೆ ಕಣ್ಣುಮುಚ್ಚಿ ಅವಳ ಪರ ಬರೆದುಬಿಡಿ."

"ಕಂಪನಿಯೋರು ಮೇಲಿನ ಕೋರ್ಟಿಗೆ ಹೋಗ್ತಾರೆ. ಇದೊಂದು ಸುಳ್ಳು ಅಂತಾದ್ರೆ, ನಾನು ಕೊಟ್ಟ ಉಳಿದ ಇಪ್ಪತ್ತೊಂದು ಮನೆ ತೀರ್ಪನ್ನೂ ಕೆದಕ್ತಾರೆ."

ಹಲ್ಡಕ್ಕ ಕೈಯ ಅಂಟು ತೊಳೆಯದೆ ರಸದ ಬಕೆಟ್ಟನ್ನು ಹೊಸ್ತಿಲಲ್ಲಿಟ್ಟೇ ಒಳಗೆ ಬಂದಳು. ಭೂಮಿ ಕಂಪನಿಯ ಏಜೆಂಟ್ ಓಬೆಡ್ ಕ್ರಂಪ್ ಬೆಂಕಿಯ ಹತ್ತಿರದ ಬೆಂಚು ಹಿಡಿದಿದ್ದ. ನೆರೆಯವರು ಗೋಡೆಯುದ್ದಕ್ಕೂ ನಿಂತಿದ್ದರು.

"ಸಾಕ್ಷಿ ಯಾರು?" ನಮ್ಮವರು ಕಾಗದ ನೋಡುತ್ತಲೇ ಕೇಳಿದರು.

ಹಲ್ಡಕ್ಕ ನಕ್ಕುಬಿಟ್ಟಳು. "ಏನೋ ಎಲ್ಕಾನಾ, ತಮಾಷೆನಾ? ಟೋಬಿಯಾಸ್ ಮಗ್ಗುಲಲ್ಲೇ ನಿಂತಿದ್ದೋನು ನೀನಲ್ವಾ? ಎರಡನೇ ಮರಕ್ಕೇ ಕೊಡಲಿ ಜಾರಿ ನಿನ್ನ ಬೂಟು ಸೀಳಿತ್ತು. ಹೊಲಿದುಕೊಟ್ಟೋಳು ನಾನು!"

ಜನ ನಕ್ಕರು. ಕ್ರಂಪನೂ ನಕ್ಕ. "ಜಡ್ಜಿ ಸಾಹೇಬ್ರಿಗೆ ಬೂಟು ನೆನಪಿದ್ರೆ ಕೆಳಗಿಳಿದು ಹೇಳ್ಲಿ. ನನಗೇನೂ ಅವಸರ ಇಲ್ಲ, ಏಪ್ರಿಲ್ ತನಕ ಬೇಕಾದ್ರೂ ಕಾಯ್ತೀನಿ."

ಆಗ ಹಲ್ಡಕ್ಕನಿಗೆ ಅರ್ಥವಾಯಿತು. ನಗು ಮುಖದ ಮೇಲೆ ಅರ್ಧಕ್ಕೇ ನಿಂತಿತು.

"ಬೇರೆ ಸಾಕ್ಷಿ ಇದೆಯಾ?" ನಮ್ಮವರು ಮತ್ತೆ ಕೇಳಿದರು. ಹೊರಗೆ ಕಡಾಯಿ ಉಕ್ಕಿ ಬೆಂಕಿಗೆ ಬಿದ್ದು ಸೀದ ವಾಸನೆ ಬಂತು. ನಾನು ಕದಲಲಿಲ್ಲ. ಮೂರನೆಯ ಸಲ ಕೇಳಿದಾಗ ಅವರ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಬರೆದರು, ಓದಿದರು. ಹಲ್ಡಕ್ಕನ ನೆಲ, ಮನೆ, ಮೇಪಲ್ ತೋಪು ಎಲ್ಲ ಕಂಪನಿಗೆ ಹೋಯಿತು.

ತಾವು ಕೂತ ನೆಲ ತಮಗೇ ಎಂದು ಇದೇ ಅಡುಗೆಮನೆಯಲ್ಲಿ ತೀರ್ಪು ಪಡೆದಿದ್ದ ನೆರೆಯವರು, ಟೋಪಿ ಎತ್ತಿಕೊಂಡು ಒಬ್ಬೊಬ್ಬರಾಗಿ ಜಾರಿಕೊಂಡರು.

"ಹಲ್ಡಕ್ಕ, ಹಳ್ಳದಾಚೆ ನಮ್ಮ ಅರವತ್ತು ಎಕರೆ ನಿನ್ನ ಹೆಸರಿಗೆ ಬರೆದುಕೊಡ್ತೀನಿ" ಎಂದರು ನಮ್ಮವರು. "ಮೊದಲನೇ ಚಳಿಗಾಲ ನಿಮ್ಮನೆ ಮೆಕ್ಕೆಜೋಳ ತಿಂದು ನಾವು ಉಳ್ಕೊಂಡಿದ್ದು. ಆ ಋಣ—"

"ಟೋಬಿಯಾಸ್ ಅದನ್ನ ಅಳೆದು ಕೊಡ್ಲಿಲ್ಲ. ನೀನೂ ಅಳೆದು ವಾಪಸ್ ಕೊಡಬೇಡ."

ಬಕೆಟ್ ಎತ್ತಿಕೊಂಡು ಹೋದಳು.

ಆದರೂ ಅವರು ಆ ಅರವತ್ತು ಎಕರೆಯ ಪತ್ರ ಬರೆದರು. ನಾನೂ ರುಜು ಹಾಕಿದೆ. ಭಾನುವಾರ ಅದನ್ನು ಹಿಡಿದು ಅವಳಿನ್ನೂ ಬಿಡದಿದ್ದ ಮನೆಗೆ ಹೋದೆವು. ನಮ್ಮ ಕಡೆ ಹಗಲಲ್ಲಿ ಅಗುಳಿಯ ಹಗ್ಗ ಬಾಗಿಲ ಹೊರಗೆ ಇಳಿಬಿದ್ದಿರುತ್ತದೆ. ಬಂದವರು ಎಳೆದರೆ ಬಾಗಿಲು ತೆರೆಯುತ್ತದೆ. ಅವಳು ಹಗ್ಗವನ್ನು ಒಳಕ್ಕೆ ಎಳೆದುಕೊಂಡಿದ್ದಳು. ಹೊಗೆಗೂಡಿನಿಂದ ಹೊಗೆ ಬರುತ್ತಿತ್ತು.

ಅವರು ಎರಡು ಸಲ ಕೂಗಿದರು. ಒಳಗೆ ಯಾರೋ ಬೆಂಕಿಗೆ ಕಟ್ಟಿಗೆ ಹಾಕಿದ ಸದ್ದಾಯಿತು. ಹಗ್ಗ ಹೊರಗೆ ಬರಲಿಲ್ಲ. ಪತ್ರವನ್ನು ಕೋಟಿನೊಳಗೆ ಇಟ್ಟುಕೊಂಡು, ಅವರು ಕೆಸರಿನಲ್ಲಿ ನನಗಿಂತ ಮುಂದೆ ನಡೆದರು.