ಹತ್ತಕ್ಕೆ ಏಳು ಬಂದ ಆಹ್ವಾನ

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಅಂತ ಬಸ್ಸಿನಲ್ಲಿ ನಿಂತುಕೊಂಡೇ ಯೋಚಿಸುತ್ತಿದ್ದೇನೆ. (ಒಂದು ಕೈ ಕಂಬಿ ಹಿಡಿದಿದೆ, ಟೈಪ್ ಮಾಡಲು ಉಳಿದಿರುವುದು ಒಂದೇ ಹೆಬ್ಬೆರಳು. ಹಾಗಾಗಿ ವಾಕ್ಯಗಳು ಗಿಡ್ಡ. ಇದನ್ನು ಶೈಲಿ ಅಂದುಕೊಂಡರೆ ನನಗೇನೂ ಬೇಜಾರಿಲ್ಲ.)

1.

ಒಂದಾನೊಂದು ಕಾಲದಲ್ಲಿ ಒಂದು ರೂಮಿತ್ತು.

ಬೇಡ, ಅಳಿಸಿದೆ. ಹೀಗೆ ಶುರುವಾದರೆ ಮುಂದೆ ರಾಜಕುಮಾರ ಬರಲೇಬೇಕಾಗುತ್ತದೆ. ನಮ್ಮ ರೂಮಿಗೆ ಬರುತ್ತಿದ್ದವರು ಪಾಸ್‌ವರ್ಡ್ ಮರೆತವರು ಮಾತ್ರ.

1, ಮತ್ತೆ.

ಫೋಟೋ ಸ್ಟುಡಿಯೋ ಮೇಲಿನ ಆ ರೂಮನ್ನು ಬಾಡಿಗೆಗೆ ಹಿಡಿದಿದ್ದವನು ಕಂಪ್ಯೂಟರ್ ರಿಪೇರಿಯ ಅಣ್ಣ. ಶನಿವಾರ ಸಂಜೆ ನಾವೆಲ್ಲ ಅಲ್ಲಿ ಸೇರುತ್ತಿದ್ದೆವು. ನಿಯಮ ಒಂದೇ: ಬಂದವರು ಆ ವಾರದ ಒಂದು ಸುದ್ದಿ ತಂದು, ನಿಂತು ಓದಬೇಕು. ಯಾವ ಆಸ್ಪತ್ರೆಯ ಫೈಲುಗಳಿಗೆ ಕಳ್ಳರು ಬೀಗ ಜಡಿದರು, ಯಾವ ಆ್ಯಪ್‌ನಲ್ಲಿ ತೂತು ಸಿಕ್ಕಿತು, ಯಾವ ಅಪ್‌ಡೇಟ್ ಹಾಕದೆ ಮಲಗಬಾರದು. ಆಮೇಲೆ ಜಗಳ. ಜಗಳದ ನಡುವೆ ಬಿಸ್ಕತ್ತು.

ಈಗ ಸುದ್ದಿ ಜೇಬಿನಲ್ಲೇ ಗುಂಯ್‌ಗುಡುತ್ತದೆ. ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಯಾವುದೋ ಕಂಪನಿಯ ಮಾನ ಹೋಗಿರುತ್ತದೆ. ಒಬ್ಬೊಬ್ಬರೇ ಓದುತ್ತೇವೆ, ಒಬ್ಬೊಬ್ಬರೇ ಹೆದರುತ್ತೇವೆ. ಶನಿವಾರಗಳು ಯಾವಾಗ ನಿಂತವು ಅಂತ ಕೇಳಿದರೆ ಯಾರೂ ಹೇಳಲಾರರು. ಒಂದು ವಾರ ಪರೀಕ್ಷೆ ಬಂತು, ಇನ್ನೊಂದು ವಾರ ಯಾರದೋ ಮದುವೆ. ಗ್ರೂಪ್ ಮಾತ್ರ ಫೋನಿನಲ್ಲಿ ಹಾಗೇ ಬಿದ್ದಿದೆ.

2.

ಮೊನ್ನೆ ಹೊಸ ನಂಬರಿನಿಂದ ಒಬ್ಬೊಬ್ಬರಿಗೂ ಒಂದು ಮೆಸೇಜ್ ಬಂತು: “ನಾನು ಅಣ್ಣ. ಫೋನ್ ಕಳೆದುಹೋಗಿದೆ. ರೂಮ್ ಖಾಲಿ ಮಾಡ್ತಿದೀನಿ, ಇದೇ ಕೊನೇ ಶನಿವಾರ. ಬರೋರು ತಕ್ಷಣ ಈ ಲಿಂಕ್ ಒತ್ತಿ ಹೆಸರು ಹಾಕಿ.”

ಹೊಸ ನಂಬರು, ಕಳೆದ ಫೋನು, ಅವಸರ, ಲಿಂಕು. ಮೋಸದ ಮೆಸೇಜಿನ ಸಕಲ ಲಕ್ಷಣಗಳೂ ಇದ್ದವು. ಆ ಲಕ್ಷಣಗಳನ್ನು ನಮಗೆ ಬಾಯಿಪಾಠ ಮಾಡಿಸಿದವನೂ ಅಣ್ಣನೇ. ಆಗೆಲ್ಲ ಅವನೇ ಇಂಥ ಸುಳ್ಳು ಮೆಸೇಜ್ ಕಳಿಸಿ ಪರೀಕ್ಷೆ ಮಾಡುತ್ತಿದ್ದ. ಸಿಕ್ಕಿಬಿದ್ದವರು ಮುಂದಿನ ವಾರ ರೂಮು ಗುಡಿಸಬೇಕಿತ್ತು.

ಸತ್ತಂತಿದ್ದ ಗ್ರೂಪಿಗೆ ಜೀವ ಬಂತು.

“ಅಣ್ಣನ ಹಳೇ ಚಟ. ಹತ್ತಕ್ಕೆ ಏಳು ಕೊಡ್ತೀನಿ, ಅವಸರ ಸ್ವಲ್ಪ ಜಾಸ್ತಿ ಆಯ್ತು,” ಅಂದ ಪ್ಯಾಚ್. (ಆ್ಯಪ್‌ನ ತೂತು ಮುಚ್ಚುವ ಪ್ಯಾಚ್‌ನ ಹಾಗೆ ಎಲ್ಲ ಮುಗಿದ ಮೇಲೆ ಬರುವುದರಿಂದ ಅವನಿಗೆ ಆ ಹೆಸರು.)

“ಅಣ್ಣನೋ ಕಳ್ಳನೋ, ನಾನಂತೂ ನಂಬರ್ ಬ್ಲಾಕ್ ಮಾಡಿ ಕಂಪ್ಲೇಂಟೂ ಕೊಟ್ಟೆ,” ಅಂದಳು ಬ್ಯಾಂಕ್ ಅಕ್ಕ. ಬ್ಯಾಂಕಿನಲ್ಲಿ ಮೋಸ ಹಿಡಿಯುವುದೇ ಅವಳ ಉದ್ಯೋಗ.

3.

ನಾನು ಶನಿವಾರ ಮಧ್ಯಾಹ್ನ ಹೋದದ್ದು “ಈ ಸಲ ಯಾರೂ ಬೀಳಲಿಲ್ಲ ನೋಡು” ಅಂತ ಅಣ್ಣನನ್ನು ಹಂಗಿಸಲು. ಬಾಗಿಲಲ್ಲಿ ರಟ್ಟಿನ ಡಬ್ಬಗಳಿದ್ದವು.

“ಬಾರೇ ಮರಿ. ನೀನೊಬ್ಳೇನಾ?” ಅಂದ ಅಣ್ಣ. (ಎಲ್ಲರಿಗಿಂತ ಚಿಕ್ಕವಳಾದ್ದರಿಂದ ಗುಂಪಿನಲ್ಲಿ ನನ್ನ ಹೆಸರೇ ಮರಿ.)

“ನಿಜಾನಾ ಅಣ್ಣ ಇದು?”

“ನಾಳೆ ಬೀಗದ ಕೈ ಓನರ್‌ಗೆ ಕೊಡ್ಬೇಕು. ನಿಂಗೇನು, ಸರ್ಟಿಫಿಕೇಟ್ ಬೇಕಾ?”

“ಮತ್ತೆ ಆ ದರಿದ್ರ ಲಿಂಕ್ ಯಾಕೆ ಹಾಕ್ದೆ?”

“ಎಷ್ಟು ಚೇರ್ ಇಟ್ಕೋಬೇಕು ಅಂತ ಗೊತ್ತಾಗ್ಲಿ ಅಂತ. ಮಿಕ್ಕಿದ್ದು ಗುಜರಿಗೆ ಹಾಕ್ಬಹುದಲ್ಲ.”

ಒಂದನ್ನೂ ಗುಜರಿಗೆ ಹಾಕಿರಲಿಲ್ಲ. ಎಲ್ಲ ಚೇರುಗಳನ್ನೂ ಒರೆಸಿ ಸುತ್ತ ಇಟ್ಟಿದ್ದ.

“ಹೋಗ್ಲಿ ಬಿಡು,” ಅಂದ. “ಕಲ್ಸಿದ್ದನ್ನ ಸರಿಯಾಗೇ ಕಲ್ತಿದ್ದಾರೆ.” ಅವನ ಕಣ್ಣು ತುಂಬಿತು.

(ಬರೆದಷ್ಟನ್ನೂ ಅಣ್ಣನಿಗೂ ಪ್ಯಾಚ್‌ಗೂ ಕಳಿಸುತ್ತಿದ್ದೇನೆ. ಈ ಸಾಲನ್ನು ಓದಿ ಅಣ್ಣ ತಕರಾರು ಎತ್ತಿದ್ದಾನೆ.

“ಯಾವಾಗ ತುಂಬ್ತು? ಕಣ್ಣಿಗೆ ಧೂಳು ಬಿತ್ತು ಅಂತ ಬರಿ.”

“ಕಥೇಲಿ ಧೂಳು ಅಂದ್ರೆ ಯಾರೂ ನಂಬಲ್ಲ ಅಣ್ಣ.”

“ಹಾಗಾದ್ರೆ ಅಳಿಸು.”

ಅಳಿಸುತ್ತೇನೆ ಅಂತ ಹೇಳಿದ್ದೇನೆ.)

4.

ಗ್ರೂಪಿನಲ್ಲಿ ‘ಇದು ನಿಜ’ ಅಂತ ಬರೆದೆ. ‘ಅಯ್ಯೋ, ಮರಿಯ ಅಕೌಂಟೂ ಕಳ್ಳರ ಕೈಗೆ ಹೋಯ್ತು’ ಅಂತ ಉತ್ತರ ಬಂತು. ಸಂಜೆಯೊಳಗೆ ಇವರನ್ನು ಇಲ್ಲಿಗೆ ಕರೆಸದಿದ್ದರೆ ಅಣ್ಣ ಆ ಖಾಲಿ ಚೇರುಗಳ ಮಧ್ಯೆ ಕೂತು, ಎದ್ದು, ಬೀಗ ಹಾಕುತ್ತಾನೆ. ಪ್ಯಾಚ್‌ಗೆ ಫೋನ್ ಮಾಡಿದೆ.

“ಧ್ವನಿಯೇನೋ ನಮ್ಮ ಮರೀದೇ,” ಅಂದ. “ಅದೇ ಭಯ. ಈಗ ಧ್ವನೀನೂ ನಕಲು ಮಾಡ್ತಾರೆ, ಸುದ್ದಿ ಓದಿಲ್ವಾ? ಎಲ್ಲಿ ಹೇಳು, ನಮ್ಮ ರೂಮಲ್ಲಿ ಫ್ಯಾನ್ ಹಾಕಿದ್ರೆ ಏನಾಗ್ತಿತ್ತು?”

“ಲೈಟ್ ಹೋಗ್ತಿತ್ತು. ಬೆವರ್ಕೊಂಡು ಓದೋದಾ, ಕತ್ತಲಲ್ಲಿ ಕೇಳೋದಾ ಅಂತ ವೋಟ್ ಹಾಕ್ತಿದ್ವಿ.”

“ಅದನ್ನ ಯಾರೋ ಆನ್‌ಲೈನಲ್ಲಿ ಹಾಕಿದ್ದ ಫೋಟೋ ಕೆಳಗೆ ಬರ್ದಿದ್ರು, ಊರಿಗೆಲ್ಲ ಗೊತ್ತು. ಬೇರೆ ಏನಾದ್ರೂ ಹೇಳು.”

ಯೋಚಿಸಿದೆ. “ನೀನು ಮೊದಲ್ನೇ ಸಲ ಓದೋಕೆ ನಿಂತಾಗ ತೊದಲಿದೆ. ಅಣ್ಣ, ‘ಹೊರಗಡೆ ಗಾಡಿ ಸದ್ದು, ನಂಗೆ ಕೇಳಿಸ್ಲಿಲ್ಲ, ನಿಧಾನಕ್ಕೆ ಇನ್ನೊಂದ್ಸಲ ಓದಪ್ಪ’ ಅಂದ. ಯಾವ ಗಾಡೀನೂ ಇರ್ಲಿಲ್ಲ.”

“ಇರ್ಲಿಲ್ವಾ?” ಅಂದ. ಆಮೇಲೆ, “ಹೊರಟೆ, ಅಣ್ಣಂಗೆ ಕಾಯೋಕೆ ಹೇಳು.”

5.

ಬ್ಯಾಂಕ್ ಅಕ್ಕ ನನ್ನ ಮಾತನ್ನೆಲ್ಲ ಪೂರ್ತಿ ಕೇಳಿಸಿಕೊಂಡಳು.

“ಒಂದೇ ಪ್ರಶ್ನೆ ಕೇಳ್ತೀನಿ,” ಅಂದಳು. “ನಾನು ಶನಿವಾರ ಬರೋದು ಯಾಕೆ ನಿಲ್ಲಿಸ್ದೆ?”

ಎಲ್ಲರಿಗಿಂತ ಮೊದಲು ನಿಲ್ಲಿಸಿದವಳು ಅವಳೇ. ಕೆಲಸವಾ? ಮನೆಯಲ್ಲಿ ಏನಾದರೂ? ನಮ್ಮಲ್ಲೇ ಯಾರಾದರೂ ಏನಾದರೂ ಅಂದರಾ? ಏನೋ ಒಂದು ಊಹಿಸಿ ಹೇಳಿಬಿಡಲೇ ಅನ್ನಿಸಿತು.

“ಗೊತ್ತಿಲ್ಲ ಅಕ್ಕ.”

“ಹಾಗಾದ್ರೆ ನೀನು ಮರೀನೇ,” ಅಂದಳು. “ಗೊತ್ತು ಅಂದಿದ್ರೆ ಫೋನ್ ಇಡ್ತಿದ್ದೆ. ನಿಮ್ಮಲ್ಲಿ ಒಬ್ರೂ ಕೇಳ್ಲಿಲ್ವಲ್ಲ.”

ಜಗತ್ತಿನ ಯಾವ ಮೂಲೆಯ ಯಾವ ಸರ್ವರ್ ಯಾಕೆ ಮಲಗಿತು ಅಂತ ಗಂಟೆಗಟ್ಟಲೆ ಕಿತ್ತಾಡಿದವರು ನಾವು. (ಇಲ್ಲೊಂದು ದೊಡ್ಡ ಮಾತು ಹೇಳುವ ಅವಕಾಶವಿದೆ. ಹೆಬ್ಬೆರಳು ಒಪ್ಪುತ್ತಿಲ್ಲ.)

“ಈಗ ಕೇಳ್ಲಾ ಅಕ್ಕ? ಯಾಕೆ ಬಿಟ್ಟೆ?”

“ಫೋನಲ್ಲಿ ಬೇಡ,” ಅಂದಳು.

6.

ಅಂತ್ಯ, ಮೊದಲನೆಯದು: ಎಲ್ಲರೂ ಬಂದರು, ಅಪ್ಪಿಕೊಂಡರು, ಫೋಟೋ ತೆಗೆದರು. (ಅಣ್ಣ: “ಬಿಸ್ಕತ್ತಿನ ಜಾಹೀರಾತಾ ಇದು?”)

ಅಂತ್ಯ, ಇನ್ನೊಂದು: ಯಾರೂ ಬರಲಿಲ್ಲ. (ಪ್ಯಾಚ್: “ಸುಳ್ಳು ಹೇಳ್ಬೇಡ, ನಾನು ಬಂದಿದ್ದೆ.”)

ಬಂದಿದ್ದ, ತಡವಾಗಿ. ಅವನಿಗಿಂತ ತಡವಾಗಿ ಅಕ್ಕ ಬಂದಳು. ಮಿಕ್ಕವರು ಬರಲಿಲ್ಲ. ಅಕ್ಕ ಹೆಗಲ ಚೀಲ ಕೆಳಗಿಳಿಸದೆ ಬಾಗಿಲಲ್ಲೇ ನಿಂತಳು. ಅಣ್ಣ ಒಂದು ಚೇರನ್ನು ಅವಳ ಕಡೆ ಸರಿಸಿದ.

“ಏನಮ್ಮ, ಸುದ್ದಿ ತಂದಿದೀಯಾ?”

“ಹಳೇ ಸುದ್ದಿ. ನಡಿಯುತ್ತಾ?”

“ನಡಿಯುತ್ತೆ.”

ಅಕ್ಕ ಕೂರಲಿಲ್ಲ. ನಿಂತೇ ಹೇಳಿದಳು. ಪ್ಯಾಚ್ ಫೋನನ್ನು ಮಗುಚಿಟ್ಟ. ನಡುವೆ ಯಾರೂ ಜಗಳ ತೆಗೆಯಲಿಲ್ಲ.

ಏನು ಹೇಳಿದಳು ಅಂತ ಇಲ್ಲಿ ಇಡೀ ಒಂದು ಪ್ಯಾರಾ ಟೈಪ್ ಮಾಡಿದ್ದೆ. ಅದನ್ನು ಮಾತ್ರ ನಿಜವಾಗಿ ಅಳಿಸಿದ್ದೇನೆ. ಸಿಟ್ಟಾಗಬೇಡಿ. ನೀವು ಒಳ್ಳೆಯವರೇ ಇರಬಹುದು, ಆದರೆ ನಾನು ನಿಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳಿಲ್ಲ. ರೂಮು ಹೋಯಿತು. ನಾವು ಇನ್ನೆಲ್ಲಿ ಸೇರುತ್ತೇವೋ, ಸೇರುತ್ತೇವೋ ಇಲ್ಲವೋ, ಅದೂ ನನಗೆ ತಿಳಿಯದು. ಆದರೆ ಯಾವತ್ತಾದರೂ ನನ್ನ ಫೋನ್ ಕಳೆದು, ಗುರುತಿಲ್ಲದ ನಂಬರಿನಿಂದ ಅಕ್ಕನಿಗೆ ಕರೆ ಮಾಡಿದರೆ, ಅವಳು ಅದೇ ಪ್ರಶ್ನೆ ಕೇಳಲಿ. ಆಗ ನನಗೆ ಉತ್ತರ ಗೊತ್ತಿರುತ್ತದೆ, ನಿಮಗೆ ಗೊತ್ತಿರಬಾರದು.