ಸಂಕಲ್ಪದಲ್ಲಿ ಒಂದು ಹೆಸರು

"ಪುಟ್ಟಿ ಇಲ್ಲೇ ಇರ್ಲಿ. ನೀವಿಬ್ರೂ ಹೋಗಿ ಬನ್ನಿ" ಎಂದು ತಾಯಿ ಕಾಮಾಕ್ಷಮ್ಮ ಹೇಳಿದಾಗ ಹೇರಂಬ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ವಾಗ್ದೇವಿಗೆ ಗಂಡನ ಆ ಮೌನವೇ ಹೆದರಿಕೆ ತಂದಿತು.

ಹೇರಂಬ ಇಥಿಯೋಪಿಯಾದ ಒಂದು ಬೆಟ್ಟದೂರಿನಲ್ಲಿ ಗಣಿತದ ಮೇಷ್ಟ್ರು. ಎರಡು ವರ್ಷದ ಕರಾರು ಮುಗಿಸಿ ಹೆಂಡತಿ, ಮಗಳೊಂದಿಗೆ ರಜೆಗೆ ಬಂದವನು ಮತ್ತೆರಡು ವರ್ಷಕ್ಕೆ ಒಪ್ಪಿಕೊಂಡಿದ್ದ. ವಾಗ್ದೇವಿಯ ತವರಾದ ಸಾಗರದಲ್ಲಿ ಕೆಲವು ದಿನ ಇದ್ದು ಗಂಡನ ಊರಾದ ಅರಳಸುರಳಿಗೆ ಬರುವಾಗ, ಹೊಸನಗರದಲ್ಲಿ ಬಸ್ಸು ಹತ್ತಿದ ಹೇರಂಬನ ಅಕ್ಕ ಸೀತಮ್ಮ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅಜ್ಜಿ ಮನೇಲೇ ಇರ್ತೀಯಲ್ಲ ಮಗಾ?" ಎಂದು ಕೇಳಿದ್ದಳು. ಇದು ಮನೆಯವರೆಲ್ಲ ಮೊದಲೇ ಆಡಿ ಮುಗಿಸಿದ ಮಾತೆಂದು ವಾಗ್ದೇವಿಗೆ ಆಗಲೇ ತಿಳಿದುಹೋಗಿತ್ತು.

"ಅಲ್ಲಿ ನಮ್ಮೋರು ಅಂತ ಯಾರಿದಾರೆ ಹೇಳು?" ಎಂದರು ಕಾಮಾಕ್ಷಮ್ಮ. "ಮಗುಗೆ ಮೈ ಬಿಸಿಯಾದ್ರೆ ಹಣೆ ಮುಟ್ಟಿ ನೋಡೋರಿಲ್ಲ."

ಹಣೆ ಮುಟ್ಟಿ ನೋಡಿದ ಕೈಯೊಂದು ಅಲ್ಲಿದ್ದದ್ದು ವಾಗ್ದೇವಿಗೆ ಗೊತ್ತಿತ್ತು. ಆದರೆ ಆ ಕೈಯ ಮಾತೆತ್ತಿದರೆ ಪುಟ್ಟಿಗೆ ಬಂದಿದ್ದ ಜ್ವರದ ಮಾತನ್ನೂ ಎತ್ತಬೇಕು. ಊರಲ್ಲಿ ಗಾಬರಿಪಡುತ್ತಾರೆಂದು ಆ ಸುದ್ದಿಯನ್ನು ಗಂಡ ಹೆಂಡತಿ ಇಬ್ಬರೂ ಮುಚ್ಚಿಟ್ಟಿದ್ದರು. ಈಗ ಬಾಯಿಬಿಟ್ಟರೆ ಮಗು ಇಲ್ಲೇ ಉಳಿಯುವುದು ಖಂಡಿತ.

ಹೊರಡುವ ಮುಂಚಿನ ಭಾನುವಾರ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ದಂಪತಿಗಳು ಮಣೆಯ ಮೇಲೆ ಕೂತರು. ಪುರೋಹಿತ ಮುಕುಂದಯ್ಯನವರು ಸಂಕಲ್ಪಕ್ಕೆ ಹೆಸರು, ಗೋತ್ರ ಕೇಳಿದರು. ಸೀತಮ್ಮ ತನ್ನ ಗಂಡ, ಮಕ್ಕಳು, ತೀರ್ಥಹಳ್ಳಿಯ ಸೋದರಮಾವನ ಸಂಸಾರ, ಹೀಗೆ ಒಬ್ಬೊಬ್ಬರನ್ನೇ ಹೇಳಿಸುತ್ತ ಹೋದಳು.

"ಇನ್ನು ಕೊಟ್ಟಿಗೆ ಎಮ್ಮೆಯೊಂದು ಬಾಕಿ ಉಳೀತು ಸೀತಮ್ಮಾ."

"ಅದರ ಹೆಸರೂ ಸೇರ್ಸಿ ಭಟ್ರೆ, ಹಾಲು ಕಡಿಮೆ ಆಗಿದೆ."

ಎಲ್ಲರೂ ನಕ್ಕರು. "ಮತ್ತೆ ಯಾರಾದ್ರೂ?" ಎಂದು ಮುಕುಂದಯ್ಯ ನೀರಿನ ಉದ್ಧರಣೆ ಎತ್ತಿದರು.

ಪುಟ್ಟಿ ಕಂಬಕ್ಕೊರಗಿ ಬಾಳೆಹಣ್ಣು ತಿನ್ನುತ್ತಿದ್ದಳು. ವಾಗ್ದೇವಿ ಅವಳ ಎದೆ ಏರಿಳಿಯುವುದನ್ನೇ ನೋಡಿದಳು. ಆ ಜ್ವರದ ದಿನದಿಂದ ಅದೊಂದು ಚಾಳಿಯೇ ಆಗಿಬಿಟ್ಟಿತ್ತು. ಅಂದು ಹೇರಂಬ ಪರೀಕ್ಷೆಯ ಕೆಲಸಕ್ಕೆಂದು ಅಡಿಸ್ ಅಬಾಬಾಕ್ಕೆ ಹೋಗಿದ್ದ. ಬೆಳಗಾಗುವ ಹೊತ್ತಿಗೆ ಮಗು ಕಣ್ಣು ಮೇಲೆ ಮಾಡಿತ್ತು. ಪಕ್ಕದ ಮನೆಯ ಬೆಲೈನೇಶ್ ಬಂದು ಹಣೆ ಮುಟ್ಟಿದವಳು ಮಾತೇ ಆಡದೆ ಮಗುವನ್ನು ತನ್ನ ಬಿಳಿ ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಇಳಿಜಾರಿನ ದಾರಿ ಹಿಡಿದಳು. ಅವರ ಚರ್ಚಿನ ಉಪವಾಸದ ದಿನ, ಹಿಂದಿನ ರಾತ್ರಿಯಿಂದ ಅವಳು ನೀರು ಕೂಡ ಕುಡಿದಿರಲಿಲ್ಲ. ಆಸ್ಪತ್ರೆ ಇದ್ದದ್ದು ಬೆಟ್ಟದ ಬುಡದಲ್ಲಿ.

ವಾಗ್ದೇವಿ ಹಿಂದಿನಿಂದ ಓಡುತ್ತಿದ್ದಳು. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಒಂದು ಶ್ಲೋಕವೂ ಆಗ ನೆನಪಿಗೆ ಬರಲಿಲ್ಲ. ಮುಂದೆ ನಡೆಯುತ್ತಿದ್ದ ಆ ಒಡಕು ಹಿಮ್ಮಡಿಗಳನ್ನಷ್ಟೇ ನೋಡಿಕೊಂಡು ಹೋದಳು. ಎದುರಾದವರು ಕ್ಷೇಮವೇ ಎಂದು ಕೇಳಿದರೆ ಬೆಲೈನೇಶ್ ಎಂದಿನಂತೆ, "ದೇವರಿಗೆ ಸ್ತೋತ್ರ" ಎಂದು ಅವರ ಭಾಷೆಯಲ್ಲಿ ಉತ್ತರಿಸುತ್ತಿದ್ದಳು. ಬೆನ್ನ ಮೇಲೆ ಮಗು ಬೇಯುತ್ತಿರುವಾಗ ಯಾತರ ಸ್ತೋತ್ರ ಎಂದು ವಾಗ್ದೇವಿಗೆ ಸಿಟ್ಟೇ ಬಂದಿತ್ತು. ಮಗು ಗುಣವಾದ ಮೇಲೆ, ಬೆಳಿಗ್ಗೆ ಒಲೆ ಹತ್ತಿದಾಗ, ನಲ್ಲಿಯಲ್ಲಿ ನೀರು ಬಂದಾಗ, ಅದೇ ಮಾತು ಅವಳ ಬಾಯಿಗೂ ಬರತೊಡಗಿತು. ಎಷ್ಟೋ ದಿನ ಅವಳು ಮಾಡಿದ ಪ್ರಾರ್ಥನೆ ಅಷ್ಟೇ.

ಆ ಹೆಸರಿಲ್ಲದೆ ಈ ನೀರು ಬಿಟ್ಟರೆ ಅದು ಸುಳ್ಳಾಗುತ್ತದೆ ಎನ್ನಿಸಿತು.

"ಇನ್ನೊಂದು ಹೆಸರಿದೆ" ಎಂದಳು. "ಬೆಲೈನೇಶ್."

ಹೇರಂಬ ತಟ್ಟನೆ ಅವಳತ್ತ ತಿರುಗಿದ.

"ಅದ್ಯಾರೇ?" ಎಂದರು ಕಾಮಾಕ್ಷಮ್ಮ.

ವಾಗ್ದೇವಿ ಎಲ್ಲವನ್ನೂ ಹೇಳಿದಳು. ಜ್ವರವನ್ನು ಹಗುರ ಮಾಡಲಿಲ್ಲ, ದಾರಿಯನ್ನು ಗಿಡ್ಡ ಮಾಡಲಿಲ್ಲ.

"ಅಯ್ಯೋ ದೇವ್ರೇ! ಕೇಳಿದ್ಯಾ ಅಮ್ಮಾ? ಅಂಥಾ ಊರಿಗೆ ಮತ್ತೆ ಕೂಸಿನ್ನ ಕರ್ಕೊಂಡು ಹೋಗದಂತೆ!" ಸೀತಮ್ಮ ಪುಟ್ಟಿಯನ್ನು ಸೆಳೆದು ಅಪ್ಪಿಕೊಂಡಳು.

ಕಾಮಾಕ್ಷಮ್ಮ ಮಗಳ ಕಡೆ ನೋಡಲಿಲ್ಲ. "ಉಪವಾಸದಲ್ಲೇ ಹೊತ್ಕೊಂಡು ಹೋದ್ಲಾ?" ಎಂದಷ್ಟೇ ಕೇಳಿದರು.

"ಹೌದು."

ಮುಕುಂದಯ್ಯನವರ ಕೈ ಇನ್ನೂ ಮೇಲೇ ಇತ್ತು. "ಅಲ್ಲ ತಾಯಿ, ಹೆಸರೇನೋ ಹೇಳ್ಬಹುದು. ಗೋತ್ರ ಎಂತ ಹೇಳ್ಲಿ?"

"ಗೋತ್ರ ಗೊತ್ತಿಲ್ದಿದ್ರೆ ಕಾಶ್ಯಪ ಅನ್ನಿ ಅಂತ ನೀವೇ ಊರಿಗೆಲ್ಲ ಹೇಳ್ತೀರಲ್ಲ?" ಎಂದರು ಕಾಮಾಕ್ಷಮ್ಮ.

"ಅದು ನಮ್ಮೋರಿಗೆ..."

"ನಾನೂ ಅದನ್ನೇ ಹೇಳ್ತಿರದು. ಹೇಳಿ ಭಟ್ರೆ, ಹೊತ್ತಾಯ್ತು."

ಮುಕುಂದಯ್ಯ ಒಮ್ಮೆ ಕೆಮ್ಮಿದರು. "ಕಾಶ್ಯಪಗೋತ್ರೋದ್ಭವಾಯಾಃ..." ಎಂದು ಶುರುಮಾಡಿ ಹೆಸರಿನಲ್ಲಿ ಎಡವಿದರು. ವಾಗ್ದೇವಿ ಮೆಲ್ಲಗೆ ಹೇಳಿಕೊಟ್ಟಳು. ಎರಡನೇ ಸಲಕ್ಕೆ ಸರಿಯಾಗಿ ಬಂತು. ನೀರು ತಟ್ಟೆಗೆ ಬಿತ್ತು.

ಊಟವಾದ ಮೇಲೆ ಕಾಮಾಕ್ಷಮ್ಮ ನೈವೇದ್ಯದ ಕಲ್ಲುಸಕ್ಕರೆ, ಒಣದ್ರಾಕ್ಷಿಗಳನ್ನು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ತಂದರು. ಮುಖದಲ್ಲಿ ನಗುವಿರಲಿಲ್ಲ.

"ಜ್ವರ ಮುಚ್ಚಿಟ್ಟಿದ್ದು ನಂಗೆ ಸರಿ ಬರ್ಲಿಲ್ಲ" ಎಂದರು. "ಅಲ್ಲಿ ನಿಮಗೆ ಯಾರೂ ಇಲ್ಲ ಅಂತ ಎರಡು ವರ್ಷ ನಾನಿಲ್ಲಿ ನಿದ್ದೆ ಬಿಟ್ಟಿದ್ದೆ."

ವಾಗ್ದೇವಿ ತಲೆ ತಗ್ಗಿಸಿ ಗಂಟಿಗೆ ಕೈಯೊಡ್ಡಿದಳು.

"ಅವಳಿಗೆ ಇದನ್ನ ನೀನು ಕೊಡದಲ್ಲ" ಎಂದರು ಅತ್ತೆ. "ಪುಟ್ಟಿ ಕೈಲೇ ಕೊಡ್ಸು."

ಮಗು ತಮ್ಮ ಜೊತೆಗೇ ಬರುತ್ತದೆಂದು ವಾಗ್ದೇವಿಗೆ ಅರ್ಥವಾಗುವ ಹೊತ್ತಿಗೆ, ಕಾಮಾಕ್ಷಮ್ಮ ಪುಟ್ಟಿಯ ಉಣ್ಣೆಯ ಅಂಗಿಗಳನ್ನು ಹಾಸಿಗೆಯ ಮೇಲೆ ಹರಡಿ, ಯಾವುದು ಗಿಡ್ಡವಾಗಿದೆ ಎಂದು ನೋಡುತ್ತಿದ್ದರು.